ನೀಲಿಯಂಗಿಯ ಮಕ್ಕಳು

1552ನೆಯ ಇಸವಿಯ ಕ್ರಿಸ್ಮಸ್ ಹಬ್ಬದ ಅಪರಾಹ್ಣದಲ್ಲಿ ಲಂಡನ್ ನಗರದ ಮೇಯರನು ಪುರಸಭೆಯ ಹಿರಿಯರೊಡನೆ ಕುದುರೆಯನ್ನೇರಿ ಸೇಂಟ್ ಪಾಲ್ ಮಹಾದೇವಾಲಯಕ್ಕೆ ತೆರಳುತ್ತಿದ್ದಾಗ, ಚೀಪ್‌ಸೈಡ್ ಎಂಬ ಪೇಟೆಬೀದಿಯ ಅಂಚಿನುದ್ದಕ್ಕೂ 340 ಮಂದಿ ಮಕ್ಕಳು ಒಂದೇ ತೆರನಾದ ಕಂದುಗೆಂಪು ಬಣ್ಣದ ಒರಟು ಬಟ್ಟೆಯನ್ನು ತೊಟ್ಟು ಸಾಲುಗಟ್ಟಿ ನಿಂತಿದ್ದರೆಂದು, ಆ ನಗರದ ವೃತ್ತಾಂತವನ್ನು ಬರೆದಿಟ್ಟ ಜಾನ್ ಸ್ಟೋ ಎಂಬ ಇತಿಹಾಸಕಾರನು ತಿಳಿಸುತ್ತಾನೆ. ಮರುವರ್ಷದ ಈಸ್ಟರ್ ಹಬ್ಬದ ವೇಳೆಗೆ ಆ ಬಟ್ಟೆಯ ಬಣ್ಣವು ನೀಲಿಯಾಗಿದ್ದಿತು. ಅಲ್ಲಿಂದೀಚೆಗೆ ಅದು ಬದಲಾಗಲಿಲ್ಲ. ಈ ಮಕ್ಕಳು ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ, ಆಗತಾನೆ ಬಾಗಿಲು ತೆರೆದಿದ್ದ ಧರ್ಮಸಂಸ್ಥೆಗೆ ಸೇರಿದವರು. ಶಾಲೆಯ ಮಕ್ಕಳೆಲ್ಲರೂ ಒಂದೇ ಬಗೆಯ ಉಡುಪನ್ನು ಧರಿಸತಕ್ಕುದೆಂಬ ಕಟ್ಟಳೆಯ ಚರಿತ್ರೆಯನ್ನು ಬರೆಯಹೊರಟವರು ಈ ಸಂಸ್ಥೆಯಿಂದ ಆರಂಭಿಸುವುದು ವಾಡಿಕೆ. ನಾವೂ ಅಲ್ಲಿಂದಲೇ ಆರಂಭಿಸೋಣ. ಆದರೆ ಆ ಚರಿತ್ರೆಯ ಮೊದಲ ದೃಶ್ಯವು ಪಾಠಶಾಲೆಯೊಳಗೆ ನಡೆಯದೆ ನಡುಬೀದಿಯಲ್ಲಿ ನಡೆಯಿತೆಂಬುದನ್ನು ಮರೆಯದಿರೋಣ. ಸಮವಸ್ತ್ರವು ಬಡವ ಬಲ್ಲಿದರೆಂಬ ಭೇದವನ್ನು ಅಳಿಸಿಹಾಕುತ್ತದೆಂಬ ಮಾತು ಇಂದು ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಆಪ್ತವಾಕ್ಯದಂತೆ ಕೇಳಿಬರುತ್ತದೆ. ಸಮವಸ್ತ್ರವು ಹುಟ್ಟಿದುದು ಮಾತ್ರ, ದಾನವಿತ್ತ ಪೌರರು ತಮ್ಮ ದಾನದ ಫಲವನ್ನು ಕಣ್ಣಾರೆ ಕಂಡು ತೃಪ್ತರಾಗಲೆಂದು, ಬಡಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ ತೋರಿಸುವುದಕ್ಕಾಗಿ.

ಆ ಸಂಸ್ಥೆಯ ಹುಟ್ಟಿಗೆ ಕಾರಣವಾದ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಎಂಟನೆಯ ಹೆನ್ರಿಯು ಪೋಪನೊಡನೆ ವಿರಸ ಕಟ್ಟಿಕೊಂಡು ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡ ಮೇಲೆ, ಆ ಮಠಗಳ ಬಾಗಿಲಲ್ಲಿ ನಿರ್ಗತಿಕರಿಗೆ ದೊರೆಯುತ್ತಿದ್ದ ಅನ್ನ, ಆಶ್ರಯ, ಔಷಧಗಳೂ ನಿಂತುಹೋದವು. ಲಂಡನ್ನಿನ ಬೀದಿಗಳಲ್ಲಿ ತಬ್ಬಲಿ ಮಕ್ಕಳ ಸಂಖ್ಯೆ ಬೆಳೆಯಿತು. ಹೆನ್ರಿಯ ಮಗನಾದ ಆರನೆಯ ಎಡ್ವರ್ಡನೆಂಬ ಬಾಲರಾಜನು ಬಿಷಪ್ ರಿಡ್ಲಿಯ ಧರ್ಮೋಪದೇಶವನ್ನು ಕೇಳಿ ಮನಕರಗಿದವನಾಗಿ, ಆ ಮಕ್ಕಳಿಗೆ ಆಶ್ರಯ ಕಲ್ಪಿಸುವ ಕಾರ್ಯದಲ್ಲಿ ನಗರದ ಮೇಯರನಿಗೆ ಬೆಂಬಲವಿತ್ತನು. ನ್ಯೂಗೇಟ್ ಬೀದಿಯಲ್ಲಿ ಪಾಳುಬಿದ್ದಿದ್ದ ಗ್ರೇಫ್ರಯರ್ಸ್ ಮಠದ ಕಟ್ಟಡಗಳಲ್ಲಿ 1552ರಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಲಾಯಿತು; 1553ರ ಜೂನ್ ತಿಂಗಳ ಕೊನೆಯಲ್ಲಿ ರಾಜನು ಸನ್ನದಿಗೆ ಅಂಕಿತ ಹಾಕಿದನು; ಹತ್ತು ದಿನಗಳು ಕಳೆಯುವಷ್ಟರಲ್ಲಿ, ಹದಿನೈದರ ಹರೆಯದಲ್ಲಿಯೇ, ಅವನು ತೀರಿಕೊಂಡನು. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ರೋಗಿಗಳ ಆಲಯವಾಗಿರದೆ, ಅನಾಥ ಶಿಶುಗಳನ್ನು ಸಾಕಿ ಅವರಿಗೆ ಓದುಬರಹ ಕಲಿಸಿ ಯಾವುದಾದರೊಂದು ಕಸಬಿಗೆ ಹಚ್ಚುವ ಆಶ್ರಮವಾಗಿದ್ದಿತು.

ಅಲ್ಲಿನ ಉಡುಪು ಆ ಕಾಲದ ಲಂಡನ್ನಿನ ಸಾಮಾನ್ಯರ ಉಡುಪೇ ಆಗಿದ್ದಿತು: ಮೊಣಕಾಲಿನ ಕೆಳಕ್ಕೆ ಇಳಿಬೀಳುವ ನೀಲಿ ನಿಲುವಂಗಿ, ನಡುವಿಗೆ ತೊಗಲಿನ ಪಟ್ಟಿ, ಕೊರಳಲ್ಲಿ ಬಿಳಿಯ ಕಿರುಪಟ್ಟಿ, ಮೊಣಕಾಲಿನವರೆಗಿನ ಚಲ್ಲಣ, ಹಳದಿಯ ಕಾಲುಚೀಲ. ನೀಲಿಯನ್ನು ಆರಿಸಿದುದಕ್ಕೆ ಸೌಂದರ್ಯವು ಕಾರಣವಲ್ಲ. ಅದು ಅಗ್ಗವಾಗಿ ದೊರೆಯುತ್ತಿದ್ದ ಬಣ್ಣ. ಊಳಿಗದವರೂ ಕಸಬು ಕಲಿಯುವ ಹುಡುಗರೂ ತೊಡುತ್ತಿದ್ದ ಬಣ್ಣ. ಆದುದರಿಂದ ಮಾನವಂತ ಗೃಹಸ್ಥರು ಮುಟ್ಟದೆ ದೂರವಿಡುತ್ತಿದ್ದ ಬಣ್ಣ. ಕಾಲುಚೀಲದ ಹಳದಿಯು ಇಲಿಗಳನ್ನು ಹತ್ತಿರ ಸುಳಿಯಗೊಡುವುದಿಲ್ಲವೆಂಬ ನಂಬಿಕೆಯೊಂದು ಅಲ್ಲಿ ಐತಿಹ್ಯವಾಗಿ ಉಳಿದುಬಂದಿದೆ. ಏನೇ ಆಗಲಿ, ಚಿಂದಿಯುಟ್ಟು ಬಂದ ಮಗುವಿನ ಮೈಯನ್ನು ಆ ಬಟ್ಟೆ ಬೆಚ್ಚಗಿರಿಸಿತೆಂಬ ಸರಳವಾದ ಸತ್ಯವನ್ನು ಮೊದಲು ಒಪ್ಪಿಕೊಳ್ಳಬೇಕು. ಶಾಲೆಯು ಕೊಡುವ ಬಟ್ಟೆಯ ಪರವಾಗಿ ಮುಂದಿನ ಶತಮಾನಗಳಲ್ಲಿ ಎಷ್ಟೋ ತತ್ತ್ವಗಳು ಹುಟ್ಟಿಕೊಂಡರೂ, ಬಟ್ಟೆಯಿಲ್ಲದವನಿಗೆ ಅದು ಬಟ್ಟೆಯೆಂಬ ಈ ಮೊದಲನೆಯ ಉಪಯೋಗಕ್ಕೆ ಸರಿಗಟ್ಟುವ ವಾದವು ಇನ್ನೊಂದಿಲ್ಲ.

ಹದಿನೇಳನೆಯ ಶತಮಾನವು ಮುಗಿಯುವ ಹೊತ್ತಿಗೆ ಈ ಪದ್ಧತಿಯು ಒಂದು ಸಂಸ್ಥೆಯ ಎಲ್ಲೆಯನ್ನು ದಾಟಿ ದೇಶದಲ್ಲೆಲ್ಲ ಹರಡಲಾರಂಭಿಸಿತು. 1698ರಲ್ಲಿ ಸ್ಥಾಪಿತವಾದ ಕ್ರೈಸ್ತಜ್ಞಾನಪ್ರಸಾರಕ ಸಂಘದ ಪ್ರೋತ್ಸಾಹದಿಂದ, ಚಂದಾ ಎತ್ತಿ ನಡೆಸುವ ಧರ್ಮಶಾಲೆಗಳು ನೂರುಗಟ್ಟಲೆ ಏರ್ಪಟ್ಟವು. ಒಂದೊಂದು ಶಾಲೆಗೆ ಒಂದೊಂದು ಬಣ್ಣ: ಒಂದೆಡೆ ನೀಲಿಯಂಗಿ, ಒಂದೆಡೆ ಬೂದಿಯಂಗಿ, ಇನ್ನೊಂದೆಡೆ ಹಸಿರಂಗಿ. ಲಂಡನ್ನಿನ ಹಳೆಯ ಶಾಲಾಕಟ್ಟಡಗಳ ಮುಮ್ಮುಖದಲ್ಲಿ ಇಂತಹ ಉಡುಪನ್ನು ತೊಟ್ಟ ಬಾಲಕ ಬಾಲಿಕೆಯರ ಬಣ್ಣದ ಪ್ರತಿಮೆಗಳನ್ನು ಇಂದಿಗೂ ಕಾಣಬಹುದು. ವರ್ಷಕ್ಕೊಮ್ಮೆ ಈ ಶಾಲೆಗಳ ಮಕ್ಕಳನ್ನೆಲ್ಲ ಸಾವಿರಗಟ್ಟಲೆ ಒಂದೆಡೆ ಕೂಡಿಸಿ ದೇವಾಲಯಕ್ಕೆ ನಡೆಸಿಕೊಂಡು ಹೋಗುವ ಉತ್ಸವವು 1704ರಲ್ಲಿ ಆರಂಭವಾಗಿ ನೂರೈವತ್ತು ವರ್ಷಗಳಿಗೂ ಮಿಕ್ಕಿ ನಡೆಯಿತು. ವಿಲಿಯಂ ಬ್ಲೇಕ್ ಕವಿಯು 1789ರಲ್ಲಿ ಈ ಉತ್ಸವವನ್ನೇ ವಸ್ತುವಾಗಿಸಿಕೊಂಡು ಕವನವೊಂದನ್ನು ರಚಿಸಿ, ಐದು ವರ್ಷಗಳ ತರುವಾಯ ಅದೇ ಶೀರ್ಷಿಕೆಯಲ್ಲಿ ಕಹಿಯಾದ ಇನ್ನೊಂದನ್ನು ಬರೆದನು.

ಈ ಬಟ್ಟೆಯ ಉದ್ದೇಶವೇನೆಂಬುದನ್ನು ಆ ಕಾಲದವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಾರೆ. ಸ್ತೋತ್ರಗೀತೆಗಳಿಂದ ಪ್ರಸಿದ್ಧನಾದ ಐಸಾಕ್ ವಾಟ್ಸನು ಧರ್ಮಶಾಲೆಗಳನ್ನು ಸಮರ್ಥಿಸಿ 1728ರಲ್ಲಿ ಬರೆದ ಪ್ರಬಂಧದಲ್ಲಿ, ಅಲ್ಲಿನ ಮಕ್ಕಳಿಗೆ ಕೊಡುವ ಬಟ್ಟೆಯು ಅತ್ಯಂತ ಒರಟಾದುದೂ ಅತ್ಯಂತ ಸಾದಾ ಆದುದೂ ಆಗಿದೆಯೆಂದೂ, ಅದರಿಂದ ಅವರು ಮೇಲ್ದರ್ಜೆಯ ಮಕ್ಕಳಿಂದ ಬೇರೆಯಾಗಿ ತೋರುತ್ತಾರೆಂದೂ, ಹಾಗೆ ತೋರಬೇಕಾದುದು ಯುಕ್ತವೇ ಎಂದೂ ವಾದಿಸಿದನು. ಅವನಿಗೆ ಐದು ವರ್ಷ ಮೊದಲು, 1723ರಲ್ಲಿ, ಈ ಶಾಲೆಗಳನ್ನು ಖಂಡಿಸಿ ಬರೆದ ಬರ್ನಾರ್ಡ್ ಮ್ಯಾಂಡೆವಿಲ್ ಎಂಬ ಕುಹಕ ಚಿಂತಕನು, ಒಂದೇ ಬಟ್ಟೆ ತೊಟ್ಟ ಮಕ್ಕಳು ಇಬ್ಬಿಬ್ಬರಾಗಿ ಹೆಜ್ಜೆಯಿಡುತ್ತ ಸಾಗುವ ನೋಟವು ನೋಡುವವರ ಕಣ್ಣಿಗೆ ಹಬ್ಬವಾಗಿರುವುದೇ ಜನರ ಧರ್ಮೋತ್ಸಾಹಕ್ಕೆ ಒಂದು ಕಾರಣವೆಂದು ತೋರಿಸಿಕೊಟ್ಟನು. ಒಬ್ಬನು ಶಾಲೆಗಳ ಮಿತ್ರ, ಇನ್ನೊಬ್ಬನು ಶತ್ರು. ಆದರೂ ಬಟ್ಟೆಯ ವಿಷಯದಲ್ಲಿ ಇಬ್ಬರೂ ಕಂಡುದು ಒಂದನ್ನೇ. ಅದು ತೊಟ್ಟವರ ಹಿತಕ್ಕಿಂತ ನೋಡುವವರ ಸಮಾಧಾನಕ್ಕೆ ಹೆಚ್ಚಾಗಿ ಒದಗುತ್ತಿದ್ದಿತು. ಇಂಗ್ಲೆಂಡಿನಲ್ಲಿ 1697ರ ಒಂದು ಶಾಸನವು, ಗ್ರಾಮನಿಧಿಯಿಂದ ಸಹಾಯ ಪಡೆಯುವ ಪ್ರತಿಯೊಬ್ಬ ದರಿದ್ರನೂ ತನ್ನ ಹೆಗಲಿನ ಮೇಲೆ ದಾರಿದ್ರ್ಯಸೂಚಕವಾದ ಅಕ್ಷರವನ್ನು ಹೊಲಿಸಿಕೊಳ್ಳತಕ್ಕುದೆಂದು ವಿಧಿಸಿದ್ದಿತೆಂಬುದನ್ನೂ, ಆ ವಿಧಿಯು ರದ್ದಾದುದು 1810ರಲ್ಲೆಂಬುದನ್ನೂ ನೆನೆದರೆ, ಧರ್ಮಶಾಲೆಯ ಅಂಗಿಯು ಯಾವ ಮನೋಧರ್ಮದ ಕೂಸೆಂಬುದು ಸ್ಪಷ್ಟವಾಗುತ್ತದೆ. ಆ ಅಂಗಿಯನ್ನು ತೊಟ್ಟ ಬಾಲಕನು ಬೀದಿಯಲ್ಲಿ ಅನುಭವಿಸಿದ ದುರವಸ್ಥೆಯನ್ನು ಡಿಕನ್ಸನು ‘ಡಾಂಬಿ ಅಂಡ್ ಸನ್’ ಕಾದಂಬರಿಯಲ್ಲಿ ಚಿತ್ರಿಸಿದ್ದಾನೆ. ಶ್ರೀಮಂತನೊಬ್ಬನ ಕೃಪೆಯಿಂದ ಧರ್ಮಶಾಲೆಗೆ ಸೇರಿದ ರಾಬ್ ಎಂಬ ಹುಡುಗನು, ಆ ವಿಚಿತ್ರ ಉಡುಪಿನ ದೆಸೆಯಿಂದಲೇ ಓಣಿಯ ಹುಡುಗರ ಹೊಡೆತಕ್ಕೆ ಗುರಿಯಾಗಿ, ಕ್ರಮೇಣ ದಾರಿತಪ್ಪುತ್ತಾನೆ.

ಇಷ್ಟರಲ್ಲಿ, ಮೊದಲ ನೀಲಿಯಂಗಿಯ ಅರ್ಥವು ಬಹಳ ವಿಲಕ್ಷಣವಾದ ರೀತಿಯಲ್ಲಿ ಮಾರ್ಪಡುತ್ತಿದ್ದಿತು. 1673ರಲ್ಲಿ ಎರಡನೆಯ ಚಾರ್ಲ್ಸ್ ರಾಜನು ಕ್ರೈಸ್ಟ್ಸ್ ಹಾಸ್ಪಿಟಲಿನಲ್ಲಿ ಗಣಿತಶಾಲೆಯೊಂದನ್ನು ಸ್ಥಾಪಿಸಿ, ನೌಕಾಯಾನಕ್ಕೆ ಬೇಕಾದ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದನು. ಅಲ್ಲಿ ಓದುವ ಹುಡುಗರ ಹೆಗಲಿಗೆ ವಿಶೇಷ ಬಿಲ್ಲೆಯೊಂದು ದೊರೆಯಿತು. ದರಿದ್ರನ ಹೆಗಲಿನ ಅಕ್ಷರವು ಅವಮಾನದ ಗುರುತಾಗಿದ್ದ ಕಾಲದಲ್ಲಿಯೇ ಈ ಹುಡುಗರ ಹೆಗಲಿನ ಬಿಲ್ಲೆಯು ಹೆಮ್ಮೆಯ ಗುರುತಾಯಿತು. ಕನ್ನಡದ ಲಲಿತಪ್ರಬಂಧಗಳ ಓದುಗರಿಗೆ ಸುಪರಿಚಿತನಾದ ಚಾರ್ಲ್ಸ್ ಲ್ಯಾಂಬನು 1782ರಿಂದ 1789ರವರೆಗೆ ಈ ಶಾಲೆಯ ವಿದ್ಯಾರ್ಥಿಯಾಗಿದ್ದವನು; ಕೋಲರಿಜ್ ಕವಿಯು ಅಲ್ಲಿ ಅವನ ಒಡನಾಡಿ. ಲ್ಯಾಂಬನು ತನ್ನ ಶಾಲೆಯನ್ನು ಕುರಿತು ಒಂದಲ್ಲ, ಎರಡು ಪ್ರಬಂಧಗಳನ್ನು ಬರೆದನು. 1813ರ ಮೊದಲ ಪ್ರಬಂಧದಲ್ಲಿ, ನೀಲಿಯಂಗಿಯ ಹುಡುಗನು ತಾನು ಭಿಕ್ಷೆಯ ಮಗುವೆಂದು ಎಂದೂ ಭಾವಿಸುವುದಿಲ್ಲವೆಂದೂ, ಸಂಸ್ಥೆಯ ಪುರಾತನತೆಯೂ ರಾಜಮೂಲವೂ, ತನ್ನ ಉಡುಪನ್ನು ಕಂಡೊಡನೆ ರಾಜಧಾನಿಯ ಬೀದಿಗಳಲ್ಲಿ ಜನರು ತೋರುವ ಆದರವೂ ಅವನ ನಡಿಗೆಗೇ ಗಾಂಭೀರ್ಯವನ್ನು ತಂದುಕೊಡುವುವೆಂದೂ ಹೇಳಿದನು. 1820ರ ಎರಡನೆಯ ಪ್ರಬಂಧದಲ್ಲಿಯಾದರೋ, ಊರಿನಲ್ಲಿ ಬಂಧುಬಳಗವಿಲ್ಲದ ಹುಡುಗನೊಬ್ಬನ ದೃಷ್ಟಿಯಿಂದ ಅದೇ ಶಾಲೆಯ ಅರೆಹೊಟ್ಟೆಯನ್ನೂ ಏಕಾಕಿತನವನ್ನೂ ಬೆತ್ತದ ಹೊಡೆತವನ್ನೂ ವರ್ಣಿಸಿದನು. ಮೂರನೆಯ ಸಲ ಓಡಿಹೋಗಿ ಸಿಕ್ಕಿಬಿದ್ದವನನ್ನು ಹೊರಗಟ್ಟುವ ವಿಧಿಯು ಆ ಎರಡನೆಯ ಪ್ರಬಂಧದಲ್ಲಿ ಬರುತ್ತದೆ: ಮೊದಲು ಅವನ ಮೈಮೇಲಿನ ನೀಲಿಯ ಕುರುಹನ್ನೆಲ್ಲ ಕಳಚಿ, ವಿಕಾರವಾದ ಬೇರೆ ಅಂಗಿಯನ್ನು ತೊಡಿಸಿ, ಸಭೆಯ ನಡುವೆ ನಿಲ್ಲಿಸುತ್ತಿದ್ದರು. ಎರಡು ಶತಮಾನಗಳ ಹಿಂದೆ ತೊಡಿಸುವುದರಲ್ಲಿದ್ದ ಹೀನತೆಯು ಈಗ ಕಳಚುವುದಕ್ಕೆ ಬಂದು ಸೇರಿದ್ದಿತು.

ಬಟ್ಟೆಯ ನೂಲಿನಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಬಣ್ಣವೂ ಅದೇ, ಹೊಲಿಗೆಯೂ ಅದೇ. ವ್ಯತ್ಯಾಸವಾದುದು ಅದನ್ನು ತೊಟ್ಟವರಿಗೆ ದೊರೆಯುವ ವಿದ್ಯೆಯಲ್ಲಿ, ಅವರು ಮುಂದೆ ಏರುವ ಪದವಿಯಲ್ಲಿ. ಹೊರಗಿನವರು ಆ ವಿದ್ಯೆಗಾಗಿ ಆಸೆಪಡತೊಡಗಿದೊಡನೆ ಅಂಗಿಯೂ ಗೌರವಾರ್ಹವಾಯಿತು. 1902ರಲ್ಲಿ ಆ ಶಾಲೆಯು ಲಂಡನ್ನಿನ ಇಕ್ಕಟ್ಟನ್ನು ಬಿಟ್ಟು ಸಸೆಕ್ಸ್ ಪ್ರಾಂತದ ಹಾರ್ಷಮ್ ಊರಿಗೆ ಹೋಯಿತು. ಅಂಗಿಯೂ ಅದರೊಡನೆ ಹೋಯಿತು. ನಮ್ಮ ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿದಾಗ, ಅವರಲ್ಲಿ ಬಹುಪಾಲು ಮಂದಿ ಆ ನೀಲಿ ನಿಲುವಂಗಿಯನ್ನೂ ಹಳದಿಯ ಕಾಲುಚೀಲವನ್ನೂ ಉಳಿಸಿಕೊಳ್ಳಬೇಕೆಂದೇ ಮತವಿತ್ತರು.

ಶ್ರೀಮಂತರ ಶಾಲೆಗಳು ಸಮವಸ್ತ್ರಕ್ಕೆ ಬಂದ ದಾರಿಯೇ ಬೇರೆ. ಈಟನ್, ಹ್ಯಾರೋ, ರಗ್ಬಿ ಮುಂತಾದ ಹಳೆಯ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯವರೆಗೂ ಹುಡುಗರು ತಮ್ಮ ತಮ್ಮ ಮನೆತನದ ಅಂತಸ್ತಿಗೆ ಒಪ್ಪುವ ಬಟ್ಟೆಯನ್ನೇ ತೊಡುತ್ತಿದ್ದರು. ಎಲ್ಲರಿಗೂ ಒಂದೇ ಅಂಗಿಯೆಂಬುದು ಬಡಮಕ್ಕಳ ಶಾಲೆಯ ಲಕ್ಷಣವಾದುದರಿಂದ ಅದನ್ನು ಅನುಸರಿಸುವ ಗೋಜಿಗೆ ಅವರು ಹೋಗಿರಲಿಲ್ಲ. ಆ ಶತಮಾನದ ಉತ್ತರಾರ್ಧದಲ್ಲಿ ಕ್ರಿಕೆಟ್, ಫುಟ್‌ಬಾಲ್ ಮೊದಲಾದ ಆಟಗಳೇ ಶೀಲಸಂವರ್ಧನೆಯ ಸಾಧನಗಳೆಂಬ ಭಾವನೆಯು ಪ್ರಬಲವಾಗಿ, ಆಟದ ತಂಡಗಳಿಗೂ ವಿದ್ಯಾರ್ಥಿನಿಲಯಗಳಿಗೂ ಬಣ್ಣಬಣ್ಣದ ಟೋಪಿಗಳೂ ಬ್ಲೇಜರುಗಳೂ ಟೈಗಳೂ ಬಂದವು; ಯಾರು ಯಾವ ಗುಂಡಿಯನ್ನು ಹಾಕದೆ ಬಿಡಬಹುದು, ಯಾರು ಕೈಯನ್ನು ಜೇಬಿನಲ್ಲಿಡಬಹುದು ಎಂಬುದು ಕೂಡ ಶ್ರೇಣಿಯ ಸೂಚಕವಾಯಿತು. ಇಲ್ಲಿ ಸಮವಸ್ತ್ರವು ಸಮತೆಯನ್ನು ಸಾರಲಿಲ್ಲ. ಹಿರಿಯ ಕಿರಿಯರ ಮೆಟ್ಟಿಲುಗಳನ್ನು ಒಳಗೆ ಎಣಿಸಿಕೊಡುತ್ತ, ಹೊರಗಿನ ಲೋಕಕ್ಕೆ ಇವರು ಬೇರೆಯ ಜನವೆಂದು ತಿಳಿಸಿತು. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಹೊರಗೆ 1937ರಲ್ಲಿ ಜಿಮ್ಮಿ ಸೈಮ್ ಎಂಬವನು ತೆಗೆದ ಛಾಯಾಚಿತ್ರವು ಜಗತ್ಪ್ರಸಿದ್ಧವಾಗಿದೆ: ಎತ್ತರದ ರೇಷ್ಮೆಟೋಪಿ ಧರಿಸಿ ಕೈಯಲ್ಲಿ ಬೆತ್ತ ಹಿಡಿದ ಇಬ್ಬರು ಹ್ಯಾರೋ ಶಾಲೆಯ ಹುಡುಗರು ಒಂದು ಕಡೆ, ದಿನದ ಬಟ್ಟೆಯಲ್ಲಿ ನಿಂತು ಅವರನ್ನು ನೋಡುತ್ತಿರುವ ಮೂವರು ನೆರೆಯ ಹುಡುಗರು ಇನ್ನೊಂದು ಕಡೆ. ಹ್ಯಾರೋ ಶಾಲೆಯವರ ನಡುವೆ ಆ ಟೋಪಿಗೆ ವಿಶೇಷಾರ್ಥವಿರಲಿಲ್ಲ. ಬೀದಿಗೆ ಬಂದೊಡನೆ ಅದು ಇಡೀ ದೇಶದ ವರ್ಗವಿಭಜನೆಯ ಚಿತ್ರವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರದ ನೆರವಿನಿಂದ ಬೆಳೆದ ಗ್ರಾಮರ್ ಶಾಲೆಗಳು ಧರ್ಮಶಾಲೆಯ ಒರಟು ಅಂಗಿಯನ್ನು ಮರೆತು ಶ್ರೀಮಂತರ ಬ್ಲೇಜರನ್ನೇ ಅನುಕರಿಸಿದವು. ಇಂದು ಜಗತ್ತಿನ ಬಹುಭಾಗದಲ್ಲಿ ಸಮವಸ್ತ್ರವೆಂದರೆ ಕಣ್ಣಮುಂದೆ ಬರುವ ಟೈ, ಬಿಲ್ಲೆ, ಬೂಟುಗಳೆಲ್ಲ ಆ ಅನುಕರಣದ ಸಂತತಿ. ಅನುಕರಣಕ್ಕೆ ಬೆಲೆ ತೆರಬೇಕಾದವರು ತಂದೆತಾಯಿಗಳು. ಶಾಲೆಯು ಗೊತ್ತುಮಾಡಿದ ಅಂಗಡಿಯಲ್ಲಿ, ಶಾಲೆಯ ಲಾಂಛನವನ್ನು ಹೊಲಿದ ಬಟ್ಟೆಯನ್ನೇ ಕೊಳ್ಳಬೇಕೆಂಬ ನಿಯಮದಿಂದ ಕೂಲಿಕಾರರ ಮನೆಗಳು ಪಟ್ಟ ಬವಣೆಯು ಎಷ್ಟು ದೀರ್ಘವಾದುದೆಂಬುದಕ್ಕೆ, ಸಮವಸ್ತ್ರದ ವೆಚ್ಚವನ್ನು ಮಿತಿಯಲ್ಲಿರಿಸುವುದಕ್ಕಾಗಿಯೇ ಬ್ರಿಟಿಷ್ ಪಾರ್ಲಿಮೆಂಟು 2021ರಲ್ಲಿ ಒಂದು ಶಾಸನವನ್ನು ಅಂಗೀಕರಿಸಬೇಕಾಯಿತೆಂಬುದೇ ಸಾಕ್ಷಿ. ಆದರೂ ಒಂದು ಒಳ್ಳೆಯ ಮಾರ್ಪಾಟೂ ಸಮವಸ್ತ್ರದ ಮೂಲಕ ಆಯಿತೆಂಬುದನ್ನು ಹೇಳದಿರಲಾಗದು. ಬಿಗಿಯಾದ ಒಳಕಟ್ಟು, ನೆಲಗುಡಿಸುವ ಲಂಗಗಳಲ್ಲಿ ಸಿಲುಕಿದ್ದ ಹೆಣ್ಣುಮಕ್ಕಳಿಗೆ, ಅಂಗಸಾಧನೆಯ ಶಿಕ್ಷಕಿಯರನ್ನು ತಯಾರುಮಾಡುತ್ತಿದ್ದ ಬೆರ್ಗ್‌ಮನ್ ಆಸ್ಟರ್‌ಬೆರ್ಗ್ ಎಂಬಾಕೆಯ ವಿದ್ಯಾಲಯದಲ್ಲಿ 1890ರ ದಶಕದಲ್ಲಿ ರೂಪುಗೊಂಡ ಸಡಿಲವಾದ, ತೋಳಿಲ್ಲದ ಜಿಮ್‌ಸ್ಲಿಪ್ ಉಡುಪು ಓಡಾಟದ ಸ್ವಾತಂತ್ರ್ಯವನ್ನು ದೊರಕಿಸಿಕೊಟ್ಟಿತು. ಮನೆಯ ಹಿರಿಯರು ತಾವಾಗಿ ಒಪ್ಪದಿದ್ದ ಆ ಉಡುಪನ್ನು, ಶಾಲೆಯ ನಿಯಮವೆಂಬ ಕಾರಣಕ್ಕಾಗಿ ಒಪ್ಪಿಕೊಂಡರು.

ಬೇರೆ ಬೇರೆ ಮತಾಚಾರಗಳ ಮಕ್ಕಳು ಒಂದೇ ಶಾಲೆಗೆ ಬರತೊಡಗಿದ ಮೇಲೆ ಇನ್ನೊಂದು ಬಗೆಯ ಪ್ರಶ್ನೆಯು ನ್ಯಾಯಸ್ಥಾನಗಳ ಮುಂದೆ ಬಂದಿತು. ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು ರುಮಾಲು ತೆಗೆಯದ ಸಿಖ್ ಬಾಲಕನಿಗೆ ಪ್ರವೇಶವನ್ನು ನಿರಾಕರಿಸಿದಾಗ, ಹೌಸ್ ಆಫ್ ಲಾರ್ಡ್ಸ್ ಎಂಬ ಅಂದಿನ ಅತ್ಯುನ್ನತ ನ್ಯಾಯಸಭೆಯು 1983ರಲ್ಲಿ ಬಾಲಕನ ಪರವಾಗಿ ತೀರ್ಪಿತ್ತಿತು. 2006ರಲ್ಲಿ, ಲೂಟನ್ನಿನ ಶಾಲೆಯೊಂದರಲ್ಲಿ ಜಿಲ್ಬಾಬ್ ಎಂಬ ನಿಲುವಂಗಿಯನ್ನು ಧರಿಸಲು ಬಯಸಿದ ಬಾಲಿಕೆಯ ವ್ಯಾಜ್ಯದಲ್ಲಿ ಅದೇ ಸಭೆಯು ಶಾಲೆಯ ಪರವಾಗಿ ನಿಂತಿತು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡರ ನಡುವೆ ಗಮನಿಸತಕ್ಕ ಅಂತರವಿದೆ: ಎರಡನೆಯ ಶಾಲೆಯು ತಂದೆತಾಯಿಗಳನ್ನೂ ಊರಿನ ಮಸೀದಿಗಳವರನ್ನೂ ಮೊದಲೇ ವಿಚಾರಿಸಿ, ಸಲ್ವಾರ್ ಕಮೀಜನ್ನೂ ತಲೆವಸ್ತ್ರವನ್ನೂ ತನ್ನ ಸಮವಸ್ತ್ರದೊಳಗೇ ಸೇರಿಸಿಕೊಂಡಿದ್ದಿತು.

ಅಮೆರಿಕದ ಸರ್ಕಾರಿ ಶಾಲೆಗಳಿಗೆ ಸಮವಸ್ತ್ರವು ಬಂದುದು ಬಹಳ ತಡವಾಗಿ, ಅದೂ ಪುಂಡಾಟದ ಗುಂಪುಗಳ ಭಯದಿಂದ. ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರವು 1994ರಲ್ಲಿ ತನ್ನ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಲ್ಲಿ ಅದನ್ನು ಕಡ್ಡಾಯಮಾಡಿ, ಅಪರಾಧಗಳು ಇಳಿದುವೆಂದು ಸಾರಿತು. 1996ರಲ್ಲಿ ರಾಷ್ಟ್ರಾಧ್ಯಕ್ಷ ಕ್ಲಿಂಟನ್ನರು ತಮ್ಮ ವಾರ್ಷಿಕ ಭಾಷಣದಲ್ಲಿಯೇ ಶಾಲಾಸಮವಸ್ತ್ರವನ್ನು ಸಮರ್ಥಿಸಿದರು. ಆದರೆ ಬ್ರನ್ಸ್ಮಾ ಮತ್ತು ರಾಕ್‌ಕೆಮೋರ್ ಎಂಬ ಸಮಾಜಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನವು, ಹಾಜರಿಯ ಮೇಲಾಗಲಿ ನಡತೆಯ ಮೇಲಾಗಲಿ ಮಾದಕ ಪದಾರ್ಥಗಳ ಸೇವನೆಯ ಮೇಲಾಗಲಿ ಸಮವಸ್ತ್ರವು ನೇರವಾದ ಪರಿಣಾಮವನ್ನು ಬೀರಿದಂತೆ ಕಾಣುವುದಿಲ್ಲವೆಂದು ತಿಳಿಸಿತು. ಲಾಂಗ್ ಬೀಚಿನಲ್ಲಿ ಶಿಸ್ತಿಗಾಗಿ ಅದೇ ಕಾಲದಲ್ಲಿ ಬೇರೆ ಕ್ರಮಗಳೂ ಜಾರಿಗೆ ಬಂದಿದ್ದುದರಿಂದ, ಫಲದ ಕೀರ್ತಿಯನ್ನು ಬಟ್ಟೆಯೊಂದಕ್ಕೇ ಕಟ್ಟುವುದು ವಿಚಾರವಂತರಿಗೆ ಕಷ್ಟವಾಯಿತು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಕೂಲಿಮಠದ ಐಗಳ ಮುಂದೆ ಮರಳಿನ ಮೇಲೆ ಅಕ್ಷರ ತಿದ್ದಿದ ಮಕ್ಕಳಿಗೆ ಉಡುಪಿನ ಕಟ್ಟಳೆಯೆಂಬುದಿರಲಿಲ್ಲ. ಇದ್ದ ಕಟ್ಟಳೆ ಜಾತಿಯದು, ಅದು ಶಾಲೆಯ ಬಾಗಿಲಿನ ಹೊರಗೇ ತನ್ನ ಕೆಲಸವನ್ನು ಮುಗಿಸಿಬಿಡುತ್ತಿದ್ದಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಯಂತಹ, ಇಂಗ್ಲೆಂಡಿನ ಪಬ್ಲಿಕ್ ಶಾಲೆಗಳ ಮಾದರಿಯ ಸಂಸ್ಥೆಗಳೂ, ಕಾನ್ವೆಂಟುಗಳೂ ಬ್ಲೇಜರು ಟೈಗಳ ಸಂಪ್ರದಾಯವನ್ನು ಇಲ್ಲಿ ನೆಲೆಗೊಳಿಸಿದವು. ಊರಿನ ಸರ್ಕಾರಿ ಶಾಲೆಗಳಿಗೆ ಸಮವಸ್ತ್ರವು ವ್ಯಾಪಕವಾಗಿ ಬಂದುದು ಸ್ವಾತಂತ್ರ್ಯಾನಂತರದಲ್ಲಿ; ಬಂದಾಗ ಅದರ ಹಿಂದೆ ಇದ್ದ ಆಶಯವು ವಾಟ್ಸನ ಆಶಯಕ್ಕೆ ತೀರ ವಿರುದ್ಧವಾದುದು.

ಈ ವೈರುದ್ಧ್ಯವನ್ನು ತಿಳಿಯಬೇಕಾದರೆ, ಯಾರು ಎಂತಹ ಬಟ್ಟೆಯನ್ನು ಎಲ್ಲಿಯವರೆಗೆ ಉಡಬಹುದೆಂಬುದನ್ನು ಜಾತಿಯೇ ನಿರ್ಣಯಿಸುತ್ತಿದ್ದ ಸಮಾಜವನ್ನು ನೆನೆಯಬೇಕು. ನೆರೆಯ ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆಯ ಮೇಲೆ ವಸ್ತ್ರವನ್ನು ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. 1859ರಲ್ಲಿ ಹೊರಟ ರಾಜಾಜ್ಞೆಯು ಅವರಿಗೆ ಮೈಮುಚ್ಚುವ ಅನುಮತಿಯನ್ನು ಕೊಟ್ಟಿತಾದರೂ, ಮೇಲ್ಜಾತಿಯ ಸ್ತ್ರೀಯರಂತೆ ಮಾತ್ರ ಉಡಕೂಡದೆಂಬ ನಿರ್ಬಂಧವನ್ನು ಉಳಿಸಿಕೊಂಡಿತು. ಸಾವಿರಾರು ಹರದಾರಿ ದೂರದ ಎರಡು ಸಮಾಜಗಳು, ಬಡವನಿಗೆ ಬಟ್ಟೆಯಿರಲಿ ಆದರೆ ನಮ್ಮಂತಹ ಬಟ್ಟೆ ಬೇಡವೆಂಬ ಒಂದೇ ನಿರ್ಣಯಕ್ಕೆ ಬಂದಿದ್ದವು. ಅಂತಹ ನಾಡಿನಲ್ಲಿ, ಗೌಡರ ಮಗನಿಗೂ ಅವರ ಹೊಲದ ಆಳಿನ ಮಗನಿಗೂ ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಯ ಅಂಗಿಯನ್ನು ತೊಡಿಸಿ ಒಂದೇ ಸಾಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸುವುದು ಸಣ್ಣ ಸಂಗತಿಯೆಂದು ಯಾರೂ ಭಾವಿಸಬಾರದು. ಹಳ್ಳಿಗಾಡನ್ನು ಬಲ್ಲವರು ಇನ್ನೊಂದನ್ನೂ ಕಂಡಿರುತ್ತಾರೆ: ಮದುವೆಗೂ ಜಾತ್ರೆಗೂ ಸಮವಸ್ತ್ರವನ್ನೇ ತೊಟ್ಟು ಬರುವ ಮಕ್ಕಳನ್ನು. ಮನೆಯಲ್ಲಿ ಹರಿಯದೆ ಉಳಿದಿರುವ ಬಟ್ಟೆ ಅದೊಂದೇ ಆಗಿರುತ್ತದೆ.

ಆಶ್ರಯದಾತರ ಚಂದಾ ಹಣದ ಜಾಗದಲ್ಲಿ ಇಲ್ಲಿ ಹಕ್ಕಿನ ಭಾಷೆಯು ಬಂದಿದೆಯೆಂಬುದು ಇನ್ನೊಂದು ದೊಡ್ಡ ಅಂತರ. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆಯೂ ಪಠ್ಯಪುಸ್ತಕವೂ ಉಚಿತವಾಗಿ ದೊರೆಯುತ್ತವೆ. ಆ ಬಟ್ಟೆಯ ಒಂದು ಪಾಲನ್ನು ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ನೇಕಾರರಿಂದ ಪಡೆದುದರಿಂದ ಮಗ್ಗದ ಮನೆಗಳಿಗೂ ಕೆಲಸ ಸಿಕ್ಕಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಬಳಿಕ ಸಮವಸ್ತ್ರವು ಕೃಪೆಯ ವಸ್ತುವಾಗಿರದೆ ಬಾಧ್ಯತೆಯ ವಸ್ತುವಾಯಿತು. ಕೊಪ್ಪಳ ಜಿಲ್ಲೆಯ ಶಾಲಾಬಾಲಕನೊಬ್ಬನ ಪರವಾಗಿ ಸಲ್ಲಿಸಿದ ಅರ್ಜಿಯ ಮೇಲೆ ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ, ಎರಡು ಜೊತೆ ಸಮವಸ್ತ್ರವನ್ನೂ ಬೂಟು ಕಾಲುಚೀಲಗಳನ್ನೂ ಒದಗಿಸತಕ್ಕುದೆಂದು ಆಜ್ಞಾಪಿಸಿತು. ಆಜ್ಞೆಯ ಪಾಲನೆಯಲ್ಲಿ ವಿಳಂಬವಾಗಿ, ನ್ಯಾಯಾಂಗನಿಂದನೆಯ ಪ್ರಶ್ನೆಯೂ ಏಳಬೇಕಾಯಿತು. ಎರಡನೆಯ ಜೊತೆಯ ಮಹತ್ತ್ವವನ್ನು ಅರಿಯಲು ಕಾನೂನಿನ ಜ್ಞಾನವು ಬೇಡ: ಒಂದೇ ಜೊತೆಯಿರುವ ಮಗುವು ಆಷಾಢದ ಮಳೆಯಲ್ಲಿ ಅದು ಒಣಗದ ದಿನ, ಒದ್ದೆಯನ್ನೇ ತೊಟ್ಟು ಬರಬೇಕು, ಇಲ್ಲವೆ ಶಾಲೆಯನ್ನು ತಪ್ಪಿಸಬೇಕು.

ಇಷ್ಟೆಲ್ಲ ಸದಾಶಯದ ನಡುವೆಯೂ ಹಳೆಯ ಇತಿಹಾಸವು ನಮ್ಮ ಬೀದಿಯಲ್ಲಿ ಮತ್ತೆ ತಲೆಹಾಕಿದೆ. ಬೆಳಗಿನ ಒಂಬತ್ತು ಗಂಟೆಗೆ ಯಾವ ತಾಲ್ಲೂಕು ಪಟ್ಟಣದಲ್ಲಿ ನಿಂತು ನೋಡಿದರೂ, ಟೈ, ಬೆಲ್ಟು, ಮಿರುಗುವ ಬೂಟುಗಳ ಮಕ್ಕಳು ಹಳದಿ ಬಣ್ಣದ ವ್ಯಾನನ್ನು ಏರುವುದನ್ನೂ, ಸರ್ಕಾರವು ಕೊಟ್ಟ ಬಟ್ಟೆಯ ಮಕ್ಕಳು ಅದೇ ರಸ್ತೆಯ ಬದಿಯಲ್ಲಿ ನಡೆದುಹೋಗುವುದನ್ನೂ ಕಾಣಬಹುದು. ಒಂದೊಂದು ಆವರಣದೊಳಗೂ ಸಮತೆಯಿದೆ. ಎರಡು ಆವರಣಗಳ ನಡುವೆ ಅದು ಇಲ್ಲ. ಯಾವ ಮಗುವಿನ ತಂದೆಯ ಸಂಪಾದನೆ ಎಷ್ಟಿರಬಹುದೆಂಬುದನ್ನು ದಾರಿಹೋಕನು ಅಂಗಿಯ ಬಣ್ಣದಿಂದಲೇ ಊಹಿಸಬಲ್ಲನು. ವಾಟ್ಸನು ಬಯಸಿದುದು ಇದನ್ನೇ. ಖಾಸಗಿ ಶಾಲೆಗಳಲ್ಲಿ ಟೈ ಬೆಲ್ಟುಗಳ ವೆಚ್ಚವು ಬೇರೆಯ ಕಥೆ. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಕೊರಳಿಗೆ ಟೈ ಬಿಗಿಯುವುದರಿಂದ ಯಾವ ವಿದ್ಯೆ ವೃದ್ಧಿಯಾಗುವುದೋ ತಿಳಿಯದು. ಬುಧವಾರಕ್ಕೆ ಒಂದು ಬಣ್ಣ, ಶನಿವಾರಕ್ಕೆ ಬಿಳಿ, ಆಟೋಟಕ್ಕೆ ಇನ್ನೊಂದು ಎಂದು ಜೊತೆಗಳು ಬೆಳೆಯುತ್ತವೆ. ಸಮವಸ್ತ್ರವನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಬದಲಿಸಕೂಡದೆಂದೂ, ಬದಲಿಸುವಾಗ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸತಕ್ಕುದೆಂದೂ, ಇಂತಹ ಅಂಗಡಿಯಲ್ಲಿಯೇ ಕೊಳ್ಳಬೇಕು ಇಂತಹ ದರ್ಜಿಯಲ್ಲಿಯೇ ಹೊಲಿಸಬೇಕೆಂದು ಕಡ್ಡಾಯಮಾಡಲಾಗದೆಂದೂ ಕರ್ನಾಟಕದ 1995ರ ನಿಯಮಾವಳಿಯು ಸ್ಪಷ್ಟವಾಗಿ ಹೇಳುತ್ತದೆ. ಆ ನಿಯಮವು ಎಷ್ಟು ಮಂದಿ ಪೋಷಕರಿಗೆ ತಿಳಿದಿದೆಯೆಂಬುದು ಜೂನ್ ತಿಂಗಳಿನ ಅಂಗಡಿಗಳ ಮುಂದಿನ ಸಾಲುಗಳಿಂದ ಊಹ್ಯ.

ಉಡುಪಿಯ ಕಾಲೇಜೊಂದರಲ್ಲಿ ಆರಂಭವಾಗಿ ನಾಡನ್ನೆಲ್ಲ ಕಲಕಿದ ತಲೆವಸ್ತ್ರದ ವಿವಾದವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಸಮವಸ್ತ್ರವನ್ನು ಕುರಿತ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ರಾಜ್ಯದ ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಅಭಿಪ್ರಾಯಭೇದವುಂಟಾಗಿ, ವಿಷಯವು ಸೂಕ್ತವಾದ ಬೇರೊಂದು ಪೀಠದ ಮುಂದೆ ಹೋಗತಕ್ಕುದೆಂದಾಯಿತು. ಒಬ್ಬರು ಏಕರೂಪತೆಯಿಂದ ಬರುವ ಸಮಾನಭಾವಕ್ಕೆ ಪ್ರಾಧಾನ್ಯವಿತ್ತರು. ಇನ್ನೊಬ್ಬರು ಹೆಣ್ಣುಮಗುವಿನ ಓದಿಗೂ ಆಯ್ಕೆಗೂ ಪ್ರಾಧಾನ್ಯವಿತ್ತರು. ಆ ದಿನಗಳಲ್ಲಿ ಎರಡು ಕಡೆಯವರೂ ಸಮತೆಯ ಹೆಸರಿನಲ್ಲಿಯೇ ಮಾತನಾಡಿದರೆಂಬುದು ಚರಿತ್ರೆಯ ದೃಷ್ಟಿಯಿಂದ ಗಮನಾರ್ಹ. ಶಾಲೆಯ ಬಾಗಿಲಲ್ಲಿ ನಿಂತ ಹುಡುಗಿಯರನ್ನು ಕುಳ್ಳಿರಿಸಿಕೊಂಡು, ಲೂಟನ್ನಿನ ಶಾಲೆಯಂತೆ ಮೊದಲೇ ವಿಚಾರಿಸಿದ್ದರೆ ಏನಾಗುತ್ತಿದ್ದಿತೆಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ನಾಲ್ಕು ನೂರು ವರ್ಷಗಳಿಗೂ ಮಿಕ್ಕ ಈ ಕಥೆಯಿಂದ ನಮಗೆ ತೋರುವುದು ಇಷ್ಟು. ಸಮವಸ್ತ್ರದಲ್ಲಿ ಸ್ವಭಾವತಃ ಗುಣವೂ ಇಲ್ಲ, ದೋಷವೂ ಇಲ್ಲ. ಒಂದೇ ನೀಲಿಯಂಗಿಯು ಒಂದು ಶತಮಾನದಲ್ಲಿ ಭಿಕ್ಷೆಯ ಗುರುತಾಗಿದ್ದು ಇನ್ನೊಂದರಲ್ಲಿ ಮರ್ಯಾದೆಯ ಗುರುತಾಯಿತು. ಆದುದರಿಂದ ಅದನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಜಾತಿಯ ಕಣ್ಣು ಇನ್ನೂ ಚುರುಕಾಗಿರುವ ನಾಡಿನಲ್ಲಿ ಒಂದು ತರಗತಿಯ ಮಕ್ಕಳಿಗಾದರೂ ಒಂದೇ ಬಟ್ಟೆಯಿರುವುದು ಉಚಿತ. ಅದು ಸಾದಾ ಆಗಿರಲಿ, ಹವೆಗೆ ಒಗ್ಗುವಂತಿರಲಿ, ಜೂನ್ ತಿಂಗಳಿನಲ್ಲಿಯೇ ಎರಡು ಜೊತೆ ಕೈಗೆ ಬರಲಿ, ಅದನ್ನು ಗೊತ್ತುಮಾಡುವಾಗ ತೊಡುವವರ ಮಾತಿಗೂ ಬೆಲೆಯಿರಲಿ. ಶಿಸ್ತನ್ನು ಬಟ್ಟೆಯಿಂದ ನಿರೀಕ್ಷಿಸುವುದನ್ನು ಬಿಡೋಣ. ಮುಖ್ಯವಾಗಿ, ಸರ್ಕಾರಿ ಶಾಲೆಯ ಅಂಗಿಗೆ ಮರ್ಯಾದೆಯನ್ನು ತರುವುದು ಹೊಸ ಬಣ್ಣದಿಂದಾಗಲಿ ಟೈಯಿಂದಾಗಲಿ ಸಾಧ್ಯವಿಲ್ಲವೆಂಬುದನ್ನು ಕ್ರೈಸ್ಟ್ಸ್ ಹಾಸ್ಪಿಟಲಿನ ಗಣಿತಶಾಲೆಯಿಂದ ಕಲಿಯೋಣ. ಉಳ್ಳವರೂ ತಮ್ಮ ಮಕ್ಕಳನ್ನು ಸೇರಿಸಲು ಹಂಬಲಿಸುವಂತಹ ಪಾಠವು ಅಲ್ಲಿ ನಡೆದ ದಿನ ಆ ಮರ್ಯಾದೆಯು ತಾನಾಗಿ ಬರುತ್ತದೆ. ಅಷ್ಟನ್ನು ಮಾಡದೆ ಸಮವಸ್ತ್ರದಿಂದಲೇ ಸಮತೆಯು ಬಂದಿತೆಂದು ನಾವು ಹೇಳಿಕೊಳ್ಳುವುದಾದರೆ, ನಮ್ಮ ಮಾತು ವಾಟ್ಸನ ಮಾತಿಗಿಂತ ಇಂಪಾಗಿರಬಹುದೇ ಹೊರತು, ಅವನ ಮಾತಿನಷ್ಟು ಪ್ರಾಮಾಣಿಕವಾಗಿರಲಾರದು.